ಸರೀಸೃಪಗಳ ಮೊಟ್ಟೆಗೆ ಮನೆಯಲ್ಲೇ ಕಾವುಪೆಟ್ಟಿಗೆ: ಎಸ್‌ಟಿಸಿ-1000 ಥರ್ಮೋಸ್ಟಾಟ್ ಎಷ್ಟು ನಂಬಿಕಸ್ತ?

ಥರ್ಮೊಕೋಲ್ ಪೆಟ್ಟಿಗೆ, ತಳದಲ್ಲಿ ಹೀಟ್ ಕೇಬಲ್, ಒಂದಷ್ಟು ನೀರಿನ ಬಾಟಲಿ: ಸರೀಸೃಪಗಳ ಮೊಟ್ಟೆಗೆ ಕಾವುಪೆಟ್ಟಿಗೆ ಕಟ್ಟಹೊರಟವರಿಗೆ ಇಷ್ಟನ್ನು ಹೊಂದಿಸುವುದು ಕಷ್ಟವಲ್ಲ. ನಿಂತು ಯೋಚಿಸಬೇಕಾದದ್ದು ಥರ್ಮೋಸ್ಟಾಟಿನ, ಅಂದರೆ ಉಷ್ಣಾಂಶ ನೋಡಿ ಹೀಟರನ್ನು ಹಚ್ಚಿ ಆರಿಸುವ ಸಾಧನದ, ಆಯ್ಕೆಯಲ್ಲಿ. ಹವ್ಯಾಸಿಗಳು ಹೆಚ್ಚಾಗಿ ಬಳಸುವ ಎಸ್‌ಟಿಸಿ-1000 ಹಾವಿನ ಮೊಟ್ಟೆಗಳಿಗೆ ಧಾರಾಳವಾಗಿ ಸಾಕು. ಗೆಕ್ಕೊ ಎಂಬ ಹಲ್ಲಿಗಳ ಮೊಟ್ಟೆಗಳಿಗೆ ಮಾತ್ರ ಇದೊಂದನ್ನೇ ನಂಬಿ ಕೂರುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.

ಪರದೆಯ ಮೇಲೆ 0.1 ಡಿಗ್ರಿಯವರೆಗೆ ಅಂಕಿ ಮೂಡಿದರೂ, ತಯಾರಕರೇ ಹೇಳುವ ನಿಖರತೆ 1 ಡಿಗ್ರಿ ಸೆಲ್ಸಿಯಸ್ ಆಚೀಚೆ. ಬಾಲ್ ಪೈಥಾನ್ ಎಂಬ ಹೆಬ್ಬಾವಿನ ಮೊಟ್ಟೆಗಳನ್ನು 31ರಿಂದ 32 ಡಿಗ್ರಿಯಲ್ಲಿಟ್ಟು ಸುಮಾರು ಎರಡು ತಿಂಗಳು ಕಾಯುವವರಿಗೆ ಅರ್ಧ ಡಿಗ್ರಿಯ ಏರುಪೇರು ದೊಡ್ಡದಲ್ಲ. ಲೆಪರ್ಡ್ ಗೆಕ್ಕೊದಲ್ಲಾದರೆ ಮರಿ ಹೆಣ್ಣೋ ಗಂಡೋ ಎಂಬುದನ್ನು ಕಾವಿನ ಉಷ್ಣಾಂಶವೇ ನಿರ್ಧರಿಸುತ್ತದೆ: 26 ಡಿಗ್ರಿಯ ಆಸುಪಾಸಿನಲ್ಲಿ ಬಹುತೇಕ ಹೆಣ್ಣು, 32.5ರ ಸುಮಾರಿಗೆ ಹೆಚ್ಚಿನವು ಗಂಡು, 34ರ ಹತ್ತಿರ ಹೋದರೆ ಮತ್ತೆ ಬಹುತೇಕ ಹೆಣ್ಣು. ಆದ್ದರಿಂದ ನಂಬಿಕೆಯ ಥರ್ಮಾಮೀಟರೊಂದರ ಜೊತೆ ಅಂಕಿಯನ್ನು ತಾಳೆ ನೋಡಿ, ಕಂಡ ವ್ಯತ್ಯಾಸವನ್ನು ಎಫ್4 ಎಂಬ ಸೆಟ್ಟಿಂಗಿನಲ್ಲಿ ತುಂಬುವುದು ಮೊದಲ ಕೆಲಸ. ಈ ಅವಕಾಶವಿರುವುದೇ ಸಾಧನದ ದೊಡ್ಡ ಗುಣ.

ಹೀಟರ್ ಆರುವ ಮತ್ತು ಮರಳಿ ಹೊತ್ತುವ ಉಷ್ಣಾಂಶಗಳ ನಡುವಿನ ಅಂತರವನ್ನು ಎಫ್2 ಎಂಬ ಸೆಟ್ಟಿಂಗಿನಲ್ಲಿ 0.3 ಡಿಗ್ರಿಗೆ ಇಳಿಸಬಹುದು. ಆದರೂ ರಿಲೇ (ಹೀಟರನ್ನು ಹಚ್ಚಿ ಆರಿಸುವ ಒಳಗಿನ ಸ್ವಿಚ್ಚು) ಆರಿದ ಮೇಲೆ ಕೇಬಲ್ಲಿನಲ್ಲಿ ಉಳಿದ ಬಿಸಿ ಗಾಳಿಯನ್ನು ಇನ್ನಷ್ಟು ಕಾಯಿಸುತ್ತಲೇ ಇರುತ್ತದೆ. ಈ ಏರಿಳಿತವನ್ನು ನುಂಗುವುದು ನೀರಿನ ಬಾಟಲಿಗಳೇ ಹೊರತು ಥರ್ಮೋಸ್ಟಾಟ್ ಅಲ್ಲ. ಉಷ್ಣಾಂಶ ಅಳೆಯುವ ಸೆನ್ಸರನ್ನು ಕೇಬಲ್ಲಿನ ಪಕ್ಕದಲ್ಲಿಟ್ಟರೆ ಪರದೆ 31 ಎನ್ನುತ್ತಿರುವಾಗಲೇ ಮೊಟ್ಟೆಗಳು ತಣ್ಣಗಿರುತ್ತವೆ. ಸೆನ್ಸರ್ ಮೊಟ್ಟೆಯ ಡಬ್ಬಿಯ ಮಟ್ಟದಲ್ಲೇ, ಸಾಧ್ಯವಾದರೆ ಡಬ್ಬಿಯೊಳಗೇ ಇರಬೇಕು. (ತೇವಾಂಶಕ್ಕೂ ಥರ್ಮೋಸ್ಟಾಟಿಗೂ ಸಂಬಂಧವಿಲ್ಲ, ಅದನ್ನು ಸಮತೂಕದ ನೀರಿನಲ್ಲಿ ಕಲಸಿದ ವರ್ಮಿಕ್ಯುಲೈಟ್ ಎಂಬ ನೀರು ಹೀರುವ ಖನಿಜ ನೋಡಿಕೊಳ್ಳುತ್ತದೆ. ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ಲಿನಿಂದ ಗುರುತು ಹಾಕಿ, ಹೊರಳಿಸದೆ ಹಾಗೆಯೇ ಇಡಬೇಕು.)

ಕರೆಂಟು ಹೋಗಿ ಬಂದರೂ ಸೆಟ್ಟಿಂಗುಗಳು ಅಳಿಸಿಹೋಗುವುದಿಲ್ಲ ಎಂಬುದು ಸಮಾಧಾನದ ಸಂಗತಿ. ತಂತಿ ಜೋಡಿಸುವ ಹಿಂಬದಿಯ ಟರ್ಮಿನಲ್ಲುಗಳು ತೆರೆದುಕೊಂಡಿರುವುದರಿಂದ ಮುಚ್ಚಿದ ಕವಚದೊಳಗೆ ಕೂರಿಸದೆ ಬಳಸಲೇಬಾರದು.

ನನ್ನ ಮುಖ್ಯ ತಕರಾರು ರಿಲೇಯ ಬಗ್ಗೆ. ಇಂಥ ಯಾವುದೇ ರಿಲೇಯ ಸಂಪರ್ಕಗಳು ಅಂಟಿಕೊಂಡರೆ ಹೀಟರ್ ಆರುವುದೇ ಇಲ್ಲ, ಮತ್ತು ಅದನ್ನು ತಡೆಯುವ ಬೇರೆ ಏರ್ಪಾಡು ಇದರಲ್ಲಿಲ್ಲ. ಸ್ವಲ್ಪ ತಣ್ಣಗಾದ ಮೊಟ್ಟೆ ತಡವಾಗಿಯಾದರೂ ಒಡೆಯಬಹುದು, ಬೆಂದ ಮೊಟ್ಟೆಯಿಂದ ಏನೂ ಬರದು. ಹಾಗಾಗಿ ಹೀಟರಿನ ತಂತಿಯಲ್ಲೇ, ಗುರಿಗಿಂತ ಸುಮಾರು 2 ಡಿಗ್ರಿ ಮೇಲಕ್ಕೆ ಹೊಂದಿಸಿದ ಎರಡನೇ ಥರ್ಮೋಸ್ಟಾಟನ್ನು ಸರಣಿಯಲ್ಲಿ, ಎರಡರಲ್ಲಿ ಒಂದು ಆರಿದರೂ ಹೀಟರ್ ಆರುವಂತೆ, ಜೋಡಿಸಬೇಕು. ಅದೂ ಇದೇ ಮಾದರಿಯದಾದರೆ ಅಡ್ಡಿಯಿಲ್ಲ, ಸೆನ್ಸರ್ ಮಾತ್ರ ಬೇರೆಯದೇ ಆಗಿರಬೇಕು.