ಮೂಕಿಭಾರದ ಮಾಪಕ: ಟ್ರೇಲರ್ ಎಳೆಯುವವರಿಗಾಗಿ ಒಂದು ವಿಮರ್ಶೆ

ಅಂಗೈಯಗಲದ ಒಂದು ಉಕ್ಕಿನ ಸಿಲಿಂಡರ್, ಅದರ ಮಗ್ಗುಲಿಗೆ ಗಡಿಯಾರದಂತಹ ಡಯಲ್, ಒಳಗೆ ಒಂದಿಷ್ಟು ಹೈಡ್ರಾಲಿಕ್ ಎಣ್ಣೆ. ಟ್ರಾವೆಲ್ ಟ್ರೇಲರ್‌ನ (ವಾಹನದ ಹಿಂದೆ ಎಳೆದೊಯ್ಯುವ ಚಕ್ರದ ಮನೆಯ) ಮುಂತುದಿಯು ವಾಹನದ ಹಿಂಬದಿಯ ಕೊಂಡಿಯಾದ ಹಿಚ್ ಮೇಲೆ ಹೇರುವ ಭಾರವನ್ನು ಅಳೆಯುವ ಈ ಮಾಪಕದಲ್ಲಿ ಇರುವುದು ಇಷ್ಟೇ. ಇದಕ್ಕೆ ಬ್ಯಾಟರಿ ಬೇಡ, ಮೊಬೈಲ್ ಆ್ಯಪ್ ಬೇಡ. ಒಂದು ವರ್ಷದಿಂದ ಪ್ರತಿ ಪ್ರವಾಸಕ್ಕೆ ಮುನ್ನ ಇದನ್ನು ಬಳಸುತ್ತಿದ್ದೇನೆ. ಇದರಲ್ಲಿ ಕಿರಿಕಿರಿ ತರುವ ದೋಷಗಳು ಕೆಲವಿವೆ, ಅವನ್ನು ಮುಂದೆ ಹೇಳುತ್ತೇನೆ. ಆದರೆ ಟ್ರೇಲರ್‌ಗೆಂದು ನಾನು ಕೊಂಡ ಸಲಕರಣೆಗಳಲ್ಲಿ ನನ್ನ ಲೆಕ್ಕವೇ ತಪ್ಪೆಂದು ತೋರಿಸಿಕೊಟ್ಟದ್ದು ಇದೊಂದೇ.

ಈ ಭಾರವನ್ನು ಟ್ರೇಲರ್ ಬಳಸುವವರು ಟಂಗ್ ವೇಟ್ ಎನ್ನುತ್ತಾರೆ. ನಾನು ಮೂಕಿಭಾರ ಎನ್ನುತ್ತೇನೆ, ಏಕೆಂದರೆ ಎತ್ತಿನ ಗಾಡಿಯ ಹೇರನ್ನು ಬಲ್ಲವರಿಗೆ ಈ ತತ್ವ ಹೊಸದೇನಲ್ಲ: ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ನೊಗವು ಎತ್ತಿನ ಹೆಗಲನ್ನು ಜಜ್ಜುತ್ತದೆ. ಹಿಚ್ ಬಾಲ್ ಮೇಲೆ ಕೂರುವ ಟ್ರಾವೆಲ್ ಟ್ರೇಲರ್‌ನಲ್ಲಿ ಮೂಕಿಭಾರವು ತುಂಬಿದ ಟ್ರೇಲರ್‌ನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟಿರಬೇಕೆಂಬುದು ಸಾಮಾನ್ಯ ಸೂತ್ರ. ಅದಕ್ಕಿಂತ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಬೀಸತೊಡಗುತ್ತದೆ. ಹೆಚ್ಚಾದರೆ ವಾಹನದ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಮೇಲಿನ ಭಾರ ಹಗುರಾಗುತ್ತದೆ, ಸ್ಟೀರಿಂಗ್ ಮತ್ತು ಬ್ರೇಕ್ ಎರಡರ ಹಿಡಿತವೂ ಕಡಿಮೆಯಾಗುತ್ತದೆ.

ಇದನ್ನು ಕೊಂಡ ಕಾರಣವನ್ನು ಹೇಳದಿದ್ದರೆ ಮಾಪಕದ ಬೆಲೆ ಅರ್ಥವಾಗುವುದಿಲ್ಲ. ನಮ್ಮ ವಾಹನದ ಎಳೆಯುವ ಸಾಮರ್ಥ್ಯ 3,000 ಕಿಲೋ ಎಂದು ಅದರ ಕೈಪಿಡಿ ಹೇಳುತ್ತದೆ. ಟ್ರೇಲರ್‌ನ ಕರಪತ್ರದ ಪ್ರಕಾರ ಅದರ ಖಾಲಿ ತೂಕ 2,050 ಕಿಲೋ, ತುಂಬಿದಾಗಿನ ಗರಿಷ್ಠ ಮಿತಿ 2,700 ಕಿಲೋ, ಮೂಕಿಭಾರ 210 ಕಿಲೋ. ಪೂರ್ತಿ ತುಂಬಿದರೂ 300 ಕಿಲೋ ಮಿಗುತ್ತದೆಯೆಂದು ಮಾರಾಟಗಾರರು ಹೇಳಿದರು, ನಾನೂ ಒಪ್ಪಿದೆ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅದು ನಮ್ಮನ್ನು ತಡೆಯುವ ಅಂಕಿಯೇ ಆಗಿರಲಿಲ್ಲ. ತಡೆಯುವ ಅಂಕಿ ಇದ್ದದ್ದು ಚಾಲಕನ ಬಾಗಿಲಿನ ಕಂಬಕ್ಕೆ ಅಂಟಿಸಿದ ಚಿಕ್ಕ ಚೀಟಿಯಲ್ಲಿ: ಪೇಲೋಡ್, ಅಂದರೆ ವಾಹನ ತನ್ನ ಮೇಲೆ ಹೊರಬಹುದಾದ ಭಾರ, 650 ಕಿಲೋ. ವಾಹನದೊಳಗೆ ಕೂರುವ ಜನ, ಡಿಕ್ಕಿಯ ಸಾಮಾನು, ಹಿಚ್‌ನ ಕಬ್ಬಿಣ, ಇವುಗಳ ಜೊತೆಗೆ ಮೂಕಿಭಾರವೂ ಆ 650ರೊಳಗೇ ಹಿಡಿಸಬೇಕು. ಟ್ರೇಲರ್‌ನ ಉಳಿದ ತೂಕವನ್ನು ಅದರ ಚಕ್ರಗಳು ಹೊರುತ್ತವೆ, ವಾಹನ ಎಳೆದರೆ ಸಾಕು. ಮೂಕಿಭಾರವನ್ನು ಮಾತ್ರ ವಾಹನವು ಎಳೆಯುವುದಲ್ಲದೆ ಹೊರಲೂ ಬೇಕು.

ಎಳೆಯುವ ಸಾಮರ್ಥ್ಯದ ಅಂಕಿ ಅಷ್ಟು ಉದಾರವಾಗಿ ಕಾಣುವುದಕ್ಕೂ ಕಾರಣವಿದೆ. ಅಮೆರಿಕದ ಮಾರುಕಟ್ಟೆಯ ವಾಹನಗಳಿಗೆ ಬಳಕೆಯಲ್ಲಿರುವ ಎಸ್‌ಎಇ ಜೆ2807 ಎಂಬ ಮಾನದಂಡವು ತನ್ನ ಮಟ್ಟಿಗೆ ಕಟ್ಟುನಿಟ್ಟಾದದ್ದೇ: ಅರಿಝೋನಾದ ಡೇವಿಸ್ ಡ್ಯಾಮ್ ಏರುದಾರಿಯನ್ನು ಬಿಸಿಲಿನಲ್ಲಿ, ಏರ್ ಕಂಡೀಷನರನ್ನು ಪೂರ್ತಿ ಹಾಕಿಕೊಂಡು, ನಿಗದಿತ ವೇಗಕ್ಕಿಂತ ಕೆಳಗಿಳಿಯದೆ ಹತ್ತಬೇಕು, ಶೇಕಡಾ 12ರ ಏರಿನಲ್ಲಿ ನಿಂತಲ್ಲಿಂದ ಮತ್ತೆ ಮತ್ತೆ ಹೊರಡಬೇಕು. ಆದರೆ ಅದರ ಲೆಕ್ಕದಲ್ಲಿ ವಾಹನದೊಳಗೆ ತಲಾ ಸುಮಾರು 68 ಕಿಲೋ ತೂಗುವ ಇಬ್ಬರೇ ಇರುತ್ತಾರೆ, ಮೂಕಿಭಾರವನ್ನು ಶೇಕಡಾ 10 ಎಂದು ಹಿಡಿದಿರುತ್ತಾರೆ. ನಾಲ್ವರ ಕುಟುಂಬ ಅವರ ಸಾಮಾನಿನೊಂದಿಗೆ ಹೊರಟಿತೆಂದರೆ ಎಂಜಿನ್ ಸೋಲುವುದಕ್ಕೆ ಬಹಳ ಮೊದಲೇ ಪೇಲೋಡ್ ಮುಗಿದಿರುತ್ತದೆ.

ಇನ್ನು ಮಾಪಕದ ಕೆಲಸ. ಟ್ರೇಲರನ್ನು ಪ್ರವಾಸಕ್ಕೆ ಹೊರಡುವಂತೆಯೇ ತುಂಬಿ, ಸಮತಟ್ಟಾದ ಜಾಗದಲ್ಲಿ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು ನಿಲ್ಲಿಸಬೇಕು. ಹಿಚ್ ಬಾಲ್ ಮೇಲೆ ಕೂರುವ ಟ್ರೇಲರ್‌ನ ತುದಿಯಾದ ಕಪ್ಲರ್‌ನ ಕೆಳಗೆ ಗಟ್ಟಿ ಮರದ ತುಂಡುಗಳನ್ನು ಪೇರಿಸಿ, ಮೇಲೆ ಮಾಪಕವನ್ನಿಟ್ಟು, ಟ್ರೇಲರ್‌ನ ಮುಂಭಾಗವನ್ನು ಹೊತ್ತು ನಿಂತ ಜ್ಯಾಕ್‌ನ ಕಾಲನ್ನು ನಿಧಾನವಾಗಿ ಮೇಲೆತ್ತಿಕೊಳ್ಳುತ್ತ ಹೋದರೆ ಟ್ರೇಲರ್‌ನ ಮೂತಿ ಸಿಲಿಂಡರ್ ಮೇಲೆ ಕೂರುತ್ತದೆ. ಜ್ಯಾಕ್‌ನ ಪಾದ ನೆಲ ಬಿಟ್ಟ ಮೇಲೆ ಮುಳ್ಳು ತೋರಿಸುವುದೇ ಮೂಕಿಭಾರ. ಮೂರು ಸಲ ಅಳೆದಾಗ 330, 340, 335 ಎಂದು ಬಂತು. ಅದೇ ದಿನ ವೇಬ್ರಿಡ್ಜ್‌ಗೆ ಹೋಗಿ, ಭಾರ ಹಂಚುವ ಹಿಚ್‌ನ ಸ್ಪ್ರಿಂಗ್ ಬಾರ್‌ಗಳನ್ನು ಸಡಿಲಿಸಿ (ಬಿಗಿಯಾಗಿದ್ದರೆ ಅವು ಭಾರದ ಒಂದು ಪಾಲನ್ನು ಟ್ರೇಲರ್‌ಗೆ ಹಿಂದಿರುಗಿಸುತ್ತವೆ), ಟ್ರೇಲರ್‌ನ ಚಕ್ರಗಳನ್ನು ತಟ್ಟೆಯ ಹೊರಗಿಟ್ಟು ವಾಹನವನ್ನಷ್ಟೇ ತೂಗಿಸಿದೆ. ಬಳಿಕ ಟ್ರೇಲರ್ ಬಿಚ್ಚಿ ಮತ್ತೊಮ್ಮೆ ತೂಗಿಸಿದೆ. ವ್ಯತ್ಯಾಸ 340 ಕಿಲೋ. ಅಲ್ಲಿನ ಯಂತ್ರ 20 ಕಿಲೋಗಳ ಹೆಜ್ಜೆಯಲ್ಲಿ ಎಣಿಸುತ್ತದೆ ಎಂಬುದನ್ನು ನೆನೆದರೆ ಈ ಪುಟ್ಟ ಮಾಪಕದ ನಿಖರತೆಯ ಬಗ್ಗೆ ನನಗೆ ದೂರಿಲ್ಲ. ತುಂಬಿದ ಟ್ರೇಲರ್‌ನ ಒಟ್ಟು ತೂಕವನ್ನೂ ಅಲ್ಲೇ ತಿಳಿದುಕೊಂಡೆ: 2,540 ಕಿಲೋ.

ಎಲ್ಲವನ್ನೂ ಕೂಡಿಸಿದಾಗ ಬಂದದ್ದು ಹೀಗೆ. ಮೂಕಿಭಾರ 335, ನಾಲ್ವರು ಸೇರಿ 265, ಭಾರ ಹಂಚುವ ಹಿಚ್ 40, ಡಿಕ್ಕಿಯ ಸಾಮಾನು 60. ಒಟ್ಟು 700 ಕಿಲೋ. ಎಳೆಯುವ ಸಾಮರ್ಥ್ಯದಲ್ಲಿ ಇನ್ನೂ 460 ಕಿಲೋ ಉಳಿದಿರುವಾಗಲೇ ಪೇಲೋಡನ್ನು ನಾವು 50 ಕಿಲೋ ಮೀರಿದ್ದೆವು. ಭಾರ ಹಂಚುವ ಹಿಚ್ ಈ ಹೊರೆಯ ಒಂದು ಪಾಲನ್ನು ಟ್ರೇಲರ್‌ನ ಅಚ್ಚುಗಳಿಗೆ ಹಿಂದಿರುಗಿಸುತ್ತದೆ ಎಂಬುದು ನಿಜ, ಆದರೆ ಅದು ವಾಹನದ ಮಿತಿಯನ್ನೇನೂ ಹೆಚ್ಚಿಸುವುದಿಲ್ಲವಾದ್ದರಿಂದ ಆ ಪಾಲನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಕರಪತ್ರದ 210 ಎಲ್ಲಿ, ಡಯಲ್‌ನ 335 ಎಲ್ಲಿ! ಕರಪತ್ರ ಹೇಳುವುದು ಖಾಲಿ ಟ್ರೇಲರ್‌ನ ಮಾತು. ಗ್ಯಾಸ್ ಸಿಲಿಂಡರ್‌ಗಳು ಮತ್ತು ಎರಡನೆಯ ಬ್ಯಾಟರಿ ಮೂಕಿಯ ಮೇಲೆಯೇ ಕೂರುತ್ತವೆ, ಮುಂಭಾಗದ ಉಗ್ರಾಣವೋ ಕೈಗೆ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ.

ಮಾಪಕ ತನ್ನ ಬೆಲೆಯನ್ನು ತೀರಿಸಿದ್ದು ಮುಂದಿನ ಒಂದು ಗಂಟೆಯಲ್ಲಿ. ನಮ್ಮ ಟ್ರೇಲರ್‌ನ 150 ಲೀಟರ್ ನೀರಿನ ತೊಟ್ಟಿ ಅಚ್ಚಿಗಿಂತ ಒಂದು ಮೀಟರ್ ಮುಂದಿದೆ, ಅಚ್ಚಿನಿಂದ ಕಪ್ಲರ್‌ಗೆ ಐದು ಮೀಟರ್. ಸನ್ನೆಗೋಲಿನ ಲೆಕ್ಕದಲ್ಲಿ ತುಂಬಿದ ತೊಟ್ಟಿಯ 150 ಕಿಲೋದ ಐದನೆಯ ಒಂದು ಪಾಲು, ಅಂದರೆ 30 ಕಿಲೋ, ಮೂಕಿಗೆ ಬೀಳಬೇಕು. ತೊಟ್ಟಿಯನ್ನು ಬರಿದು ಮಾಡಿ ಮತ್ತೆ ಅಳೆದರೆ ಮುಳ್ಳು 305ರ ಹತ್ತಿರ ನಿಂತಿತು. ಪುಸ್ತಕದ ಲೆಕ್ಕ ಕಣ್ಣೆದುರು ನಿಜವಾಗುವುದನ್ನು ನೋಡುವ ಖುಷಿಯೇ ಬೇರೆ. ತೊಟ್ಟಿ ಅಚ್ಚಿನ ಹಿಂದಿರುವ ಟ್ರೇಲರ್‌ಗಳಲ್ಲಿ ಇದು ತಿರುವುಮುರುವಾಗುತ್ತದೆ, ಅಲ್ಲಿ ನೀರು ತುಂಬಿದಷ್ಟೂ ಮೂಕಿ ಹಗುರಾಗುತ್ತದೆ ಎಂಬುದನ್ನು ಮರೆಯಬಾರದು. ಆಮೇಲೆ ಡಿಕ್ಕಿಯಲ್ಲಿದ್ದ 40 ಕಿಲೋದ ಉಪಕರಣಗಳ ಪೆಟ್ಟಿಗೆಯನ್ನು ಟ್ರೇಲರ್‌ನ ಅಚ್ಚಿನ ನೇರ ಮೇಲಕ್ಕೆ ಸಾಗಿಸಿದೆ. ಅಲ್ಲಿ ಅದರಿಂದ ಮೂಕಿಗೆ ಏನೂ ಸೇರಲಿಲ್ಲ, ವಾಹನಕ್ಕೆ 40 ಕಿಲೋ ಇಳಿಯಿತು. ಹೊಸ ಮೊತ್ತ 630 ಕಿಲೋ. ಟ್ರೇಲರ್ ಈಗ 2,430 ಕಿಲೋ ತೂಗುವುದರಿಂದ ಮೂಕಿಭಾರವೂ ಶೇಕಡಾ 12.5ರ ಆಸುಪಾಸಿನಲ್ಲಿ ಕ್ಷೇಮವಾಗಿದೆ.

ದೋಷಗಳಲ್ಲಿ ದೊಡ್ಡದು ಮಾಪಕದ್ದಲ್ಲ, ಜೊತೆಗೆ ಬರುವ ಸೂಚನಾ ಹಾಳೆಯದು. ಜ್ಯಾಕ್‌ನ ಪಾದದ ಕೆಳಗೆ ಮಾಪಕವಿಟ್ಟರೂ ಆದೀತೆಂಬಂತೆ ಅದರಲ್ಲಿ ಚಿತ್ರವಿದೆ. ಜ್ಯಾಕ್ ಇರುವುದು ಕಪ್ಲರ್‌ಗಿಂತ ಸುಮಾರು 40 ಸೆಂಟಿಮೀಟರ್ ಹಿಂದೆ, ಅಂದರೆ ಅಚ್ಚಿಗೆ ಅಷ್ಟು ಹತ್ತಿರ. ಹಾಗಾಗಿ ಅಲ್ಲಿ ನಿಜವಾದ 335 ಕಿಲೋ 364 ಎಂದು ಕಾಣುತ್ತದೆ. ಈ 29 ಕಿಲೋ ತಪ್ಪನ್ನು ಸರಿಪಡಿಸುವ ಸೂತ್ರವನ್ನು ಒಂದು ಸಾಲಿನಲ್ಲಿ ಮುದ್ರಿಸಬಹುದಿತ್ತು, ಮುದ್ರಿಸಿಲ್ಲ. ಕಪ್ಲರ್ ಎಳೆಯುವಾಗಿನ ಎತ್ತರದಲ್ಲೇ ಇರಬೇಕೆಂಬ ಮಾತನ್ನೂ ಹಾಳೆ ಹೇಳುವುದಿಲ್ಲ. ಮೂತಿಯನ್ನು ಎತ್ತಿ ಅಳೆದರೆ ಅಂಕಿ ಕಡಿಮೆ ಬಂದು ಸುಳ್ಳು ನೆಮ್ಮದಿ ಕೊಡುತ್ತದೆ.

ಮಾಪಕದ ತಳ ಇನ್ನಷ್ಟು ಅಗಲವಿರಬೇಕಿತ್ತು. ಮರದ ತುಂಡುಗಳ ಮೇಲೆ 300 ಕಿಲೋಗಿಂತ ಹೆಚ್ಚು ಭಾರ ಅಂಗೈಯಗಲದ ಲೋಹದ ಮೇಲೆ ನಿಂತಿರುವಾಗ ಡಯಲ್ ಓದಲು ಬಗ್ಗುವುದು ಹಿತವಾದ ಅನುಭವವಲ್ಲ, ಕೈಯನ್ನಂತೂ ಕಪ್ಲರ್‌ನ ಕೆಳಗೆ ಒಡ್ಡಲೇಬಾರದು. ಕಾದ ನೆಲದ ಮೇಲೆ ಭಾರವಿಲ್ಲದಾಗಲೂ ಮುಳ್ಳು ಸೊನ್ನೆಯಿಂದ ತುಸು ಮೇಲೆ ನಿಲ್ಲುತ್ತದೆ, ಅಷ್ಟನ್ನು ಕಳೆದುಕೊಳ್ಳಬೇಕು. ಎಂಟು ತಿಂಗಳ ಬಳಿಕ ಸೀಲ್‌ನ ಅಂಚಿನಲ್ಲಿ ಎಣ್ಣೆಯ ಜಿನುಗು ಕಾಣಿಸಿತಾದರೂ ಅಳತೆ ಇನ್ನೂ ಕೆಟ್ಟಿಲ್ಲ.

ಸ್ನಾನಗೃಹದ ತಕ್ಕಡಿಯಿಂದಲೂ ಇದೇ ಕೆಲಸ ಸಾಧ್ಯ. ಹಲಗೆಯ ಒಂದು ತುದಿಯನ್ನು ಪೈಪಿನ ಮೇಲೂ ಇನ್ನೊಂದನ್ನು ತಕ್ಕಡಿಯ ಮೇಲೂ ಇಟ್ಟು, ಪೈಪಿನಿಂದ ಮೂರನೆಯ ಒಂದು ಪಾಲು ದೂರದಲ್ಲಿ ಕಪ್ಲರನ್ನು ಕೂರಿಸಿದರೆ ತಕ್ಕಡಿ ತೋರಿಸುವ ಅಂಕಿಯ ಮೂರು ಪಟ್ಟು ನಿಜವಾದ ಭಾರ. ನಮ್ಮ 335 ಕಿಲೋ ಅಲ್ಲಿ 112 ಎಂದು ಬಂತು. ವರ್ಷಕ್ಕೊಮ್ಮೆ ಅಳೆಯುವವರಿಗೆ ಅದೇ ಸಾಕು, ಪ್ರತಿ ಪ್ರವಾಸಕ್ಕೂ ಸಾಮಾನು ಬದಲಾಗುವ ನಮ್ಮಂಥವರಿಗೆ ಆ ಹಲಗೆಯ ಸರ್ಕಸ್ ಬೇಡ. ವೇಬ್ರಿಡ್ಜ್‌ಗೆ ಮಾತ್ರ ಯಾವುದೂ ಬದಲಿಯಲ್ಲ: ಪ್ರತಿ ಅಚ್ಚಿನ ಮೇಲಿನ ಭಾರ, ವಾಹನ ಮತ್ತು ಟ್ರೇಲರ್ ಸೇರಿದ ಒಟ್ಟು ತೂಕ, ಭಾರ ಹಂಚುವ ಹಿಚ್ ಮುಂದಿನ ಚಕ್ರಗಳಿಗೆ ಎಷ್ಟನ್ನು ಮರಳಿಸಿದೆ ಎಂಬುದು, ಇವು ಈ ಡಯಲ್‌ನಲ್ಲಿ ಕಾಣುವುದಿಲ್ಲ.

ಟ್ರೇಲರನ್ನು ಇನ್ನೂ ಕೊಳ್ಳದವರಿಗೆ ಮಾಪಕ ಸದ್ಯಕ್ಕೆ ಬೇಡ, ಅದು ಕಲಿಸಿದ ಲೆಕ್ಕ ಸಾಕು. ಬಾಗಿಲಿನ ಚೀಟಿಯ ಪೇಲೋಡಿನಿಂದ ಜನ, ಹಿಚ್, ಡಿಕ್ಕಿಯ ಸಾಮಾನನ್ನು ಕಳೆದು, ಮೂಕಿಭಾರ ಶೇಕಡಾ 13 ಎಂದು ಹಿಡಿದು ಉಳಿದದ್ದನ್ನು 0.13ರಿಂದ ಭಾಗಿಸಬೇಕು. ನಮ್ಮಲ್ಲಿ 650ರಿಂದ 265, 40 ಮತ್ತು (ಪೆಟ್ಟಿಗೆ ಹೋದ ಮೇಲೆ ಡಿಕ್ಕಿಯಲ್ಲಿ ಉಳಿದ) 20 ಕಳೆದರೆ 325, ಭಾಗಿಸಿದರೆ 2,500. ಕೈಪಿಡಿಯಲ್ಲಿ 3,000 ಕಿಲೋ ಎಂದಿರುವ ನಮ್ಮ ವಾಹನ ನಮ್ಮ ಕುಟುಂಬವನ್ನು ಕೂರಿಸಿಕೊಂಡು ಎಳೆಯಬಹುದಾದ ಟ್ರೇಲರ್‌ನ ತೂಕ ಅಷ್ಟು. ಗರಿಷ್ಠ ಮಿತಿ 2,700 ಕಿಲೋ ಇರುವ ನಮ್ಮ ಟ್ರೇಲರನ್ನು ಹಾಗಾಗಿ ಎಂದೂ ಪೂರ್ತಿ ತುಂಬುವಂತಿಲ್ಲ. ನೀರನ್ನು ತಂಗುವ ಜಾಗಕ್ಕೆ ಹೋಗಿ ತುಂಬಿಸಿಕೊಳ್ಳುತ್ತೇವೆ.