ಷೇರುಪೇಟೆ ಕುಸಿದ ದಿನ ಯಾವುದು ತಡೆದುಕೊಳ್ಳುತ್ತದೆ: ಹಸಿರು ಷೇರೋ, ಹಸಿರು ಬಾಂಡೋ, ಮಾಮೂಲಿ ಹೂಡಿಕೆಯೋ?

ಪಾವಗಡದ ಸೋಲಾರ್ ಪಾರ್ಕಿಗೆ ಜಮೀನು ಗುತ್ತಿಗೆ ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಹಣ ಬರುತ್ತಿದೆ. ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಈ ದುಡ್ಡನ್ನು ಸೋಲಾರ್ ಷೇರಿಗೇ ಹಾಕೋಣ ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇವೆ: ಬೇಡ. ಗುತ್ತಿಗೆಯೇ ನಿಮ್ಮ ದೊಡ್ಡ ಸೋಲಾರ್ ಹೂಡಿಕೆ.

ಹಸಿರು ಷೇರಿಗೂ (ಸೋಲಾರ್‌ನಂಥ ಪರಿಸರಸ್ನೇಹಿ ಕಂಪನಿಗಳ ಷೇರು) ಮಾಮೂಲಿ ಷೇರಿಗೂ ಇರುವ ಸಂಬಂಧ ತಿಪಟೂರಿನ ಕೊಬ್ಬರಿಗೂ ಎಳನೀರಿಗೂ ಇರುವಂಥದ್ದು. ಮಾಲು ಬೇರೆ, ಮರ ಒಂದೇ. 2020ರ ಮಾರ್ಚಿನಂಥ ಗಾಬರಿಯಲ್ಲಿ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಮಾರುತ್ತಾರೆ, ಸೋಲಾರ್ ಅಂತ ಯಾರೂ ಬಿಡುವುದಿಲ್ಲ. 2022ರದ್ದು ಬೇರೆ ಥರದ ಪೆಟ್ಟು. ಉಕ್ರೇನ್ ಯುದ್ಧದಿಂದ ಕಚ್ಚಾ ತೈಲ ಬ್ಯಾರೆಲ್‌ಗೆ 120 ಡಾಲರ್ ದಾಟಿದಾಗ ಕಲ್ಲಿದ್ದಲು, ತೈಲದ ಷೇರುಗಳು ಕೈಹಿಡಿದವು. ಆದರೆ ಮೇ ತಿಂಗಳಿಂದ ರೆಪೋ ದರ (ಆರ್‌ಬಿಐ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) ಶೇ 4ರಿಂದ ಏರುತ್ತಾ 2023ರ ಫೆಬ್ರವರಿಗೆ ಶೇ 6.5 ಮುಟ್ಟಿತು. ಸೋಲಾರ್ ಕಂಪನಿಗಳು ನಡೆಯುವುದೇ ಸಾಲದ ಮೇಲೆ. ಬಡ್ಡಿ ಏರಿದರೆ ಲಾಭ ಅಲ್ಲೇ ಕರಗುತ್ತದೆ, ಕರೆಂಟು ಕೊಳ್ಳುವ ಎಸ್ಕಾಂಗಳು (ವಿದ್ಯುತ್ ವಿತರಣಾ ಕಂಪನಿಗಳು) ಬಿಲ್ ಕಟ್ಟಲು ತಡಮಾಡಿದರೆ ಇನ್ನೂ ಕಷ್ಟ.

ಹಸಿರು ಬಾಂಡ್, ಅಂದರೆ ಪರಿಸರಸ್ನೇಹಿ ಯೋಜನೆಗಳಿಗೆ ಅಂತ ಎತ್ತುವ ಸಾಲದ ಪತ್ರ, ಇದರ ವಿಷಯ ಹಾಗಲ್ಲ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಮೊದಲ ಬಾರಿ ಬಿಟ್ಟಿದ್ದು 8,000 ಕೋಟಿಯದು: ಐದು ವರ್ಷಕ್ಕೆ ಶೇ 7.10, ಹತ್ತು ವರ್ಷಕ್ಕೆ ಶೇ 7.29. ಭದ್ರತೆ ಮಾಮೂಲಿ ಸರ್ಕಾರಿ ಬಾಂಡಿನದ್ದೇ. ಕೊರತೆ ಇರುವುದು ಮಾರುವಾಗ. ಕೊಳ್ಳುವವರು ಕಡಿಮೆ, ಅವಸರಕ್ಕೆ ಮಾರಿದರೆ ಬೆಲೆ ಬಿಟ್ಟುಕೊಡಬೇಕು. ಬಡ್ಡಿ ಶೇ 1 ಏರಿದರೆ ಹತ್ತು ವರ್ಷದ ಬಾಂಡಿನ ಬೆಲೆ ಸುಮಾರು ಶೇ 7 ಇಳಿಯುತ್ತದೆ, ಹಸಿರಾದರೂ ಅಷ್ಟೇ. ಆರ್‌ಬಿಐ ರಿಟೇಲ್ ಡೈರೆಕ್ಟ್ ಖಾತೆ ತೆರೆದರೆ 10,000 ರೂಪಾಯಿಯಿಂದ ಕೊಳ್ಳಬಹುದು. ಅವಧಿ ಮುಗಿಯುವವರೆಗೂ ಮುಟ್ಟದ ದುಡ್ಡಿಗೆ ಮಾತ್ರ ಇದು ಸರಿ. ಆಪತ್ತಿಗೆ ಬೇಕಾದ್ದು ಬ್ಯಾಂಕ್ ಎಫ್‌ಡಿಯಲ್ಲಿರಲಿ, ಒಂದು ಬ್ಯಾಂಕಿಗೆ 5 ಲಕ್ಷದವರೆಗೆ ವಿಮೆ ಇದೆ.

ಈಗ ನಿಜವಾದ ಅಂಕಿಗಳನ್ನಿಟ್ಟು ಮಾಡಿ ನೋಡಿದ ಲೆಕ್ಕ. 50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ ನಿಫ್ಟಿ 2020ರ ಜನವರಿ 14ಕ್ಕೆ 12,362, ಮಾರ್ಚ್ 23ಕ್ಕೆ 7,610. ಒಂದು ಲಕ್ಷ ಪೂರ್ತಿ ಇಂಡೆಕ್ಸ್ ಫಂಡಿನಲ್ಲಿ (ನಿಫ್ಟಿಯ ಷೇರುಗಳನ್ನೇ ಅದೇ ಪ್ರಮಾಣದಲ್ಲಿ ಕೊಳ್ಳುವ ಫಂಡ್) ಇದ್ದರೆ ಉಳಿಯುವುದು ಸುಮಾರು 61,600. ಅರ್ಧ ಇಂಡೆಕ್ಸ್, 40 ಸಾವಿರ ಬಾಂಡ್ ಮತ್ತು ಎಫ್‌ಡಿ, 10 ಸಾವಿರ ಚಿನ್ನ ಅಂತ ಹಂಚಿ, ಈ ಕೊನೆಯೆರಡು ಇದ್ದಲ್ಲೇ ಇದ್ದವು ಅಂತ ಹಿಡಿದರೆ 80,800. ಆಗ ಷೇರಿನ ಪಾಲು ಶೇ 38ಕ್ಕೆ ಇಳಿದಿರುತ್ತದೆ. ಎಫ್‌ಡಿಯಿಂದ 9,600 ತೆಗೆದು ಇಂಡೆಕ್ಸಿಗೆ ಹಾಕಿ ಮತ್ತೆ ಶೇ 50 ಮಾಡಿದರೆ, ನಿಫ್ಟಿ ಹಳೆಯ ಮಟ್ಟಕ್ಕೆ ಬಂದಾಗ ಒಟ್ಟು 1,06,000. ಸುಮ್ಮನೆ ಕೂತಿದ್ದರೆ ಬರೀ ಒಂದು ಲಕ್ಷ. ನಿಫ್ಟಿ ಅದೇ ನವೆಂಬರಿನಲ್ಲಿ ಆ ಮಟ್ಟ ದಾಟಿತು.

ತಳ ಮುಟ್ಟಿದ ದಿನವೇ ಹಾಕಲು ಯಾರಿಂದಲೂ ಆಗದು. ಅದಕ್ಕೇ ಯಾವ ಪಾಲಾದರೂ ಗುರಿಯಿಂದ ಶೇ 5 ಅಂಶ ಆಚೀಚೆಯಾದಾಗ, ಅಂದರೆ ಶೇ 50ರದ್ದು 45ಕ್ಕೋ 55ಕ್ಕೋ ಹೋದಾಗ, ಸರಿಮಾಡಿ. ಹೊಸ ದುಡ್ಡನ್ನು ಕಡಿಮೆಯಾದ ಕಡೆಗೆ ಹಾಕಿಯೇ ಸರಿದೂಗಿಸಿದರೆ ಇನ್ನೂ ಒಳ್ಳೆಯದು. ವರ್ಷದೊಳಗೆ ಷೇರು ಮಾರಿದರೆ ಲಾಭಕ್ಕೆ ಶೇ 20 ತೆರಿಗೆ ಬೀಳುತ್ತದೆ.

ಹಸಿರು ಷೇರು ಬೇಕೇಬೇಕು ಅನ್ನುವವರು ಇಂಡೆಕ್ಸಿನ ಆ 50ರೊಳಗೇ 5 ತೆಗೆದಿಡಿ, ಬಾಂಡಿನ ಪಾಲಿಗೆ ಕೈ ಹಾಕಬೇಡಿ.