ಟೆಸ್ಟೋಸ್ಟೆರಾನ್ (ಗಂಡಸರ ಮುಖ್ಯ ಹಾರ್ಮೋನ್) ಕಡಿಮೆ ಇರಬಹುದೇ? ಯಾರ ಹತ್ತಿರ ಹೋಗಬೇಕು?

ಸುಸ್ತು, ಕುಗ್ಗಿದ ಲೈಂಗಿಕ ಆಸಕ್ತಿ, ಮಂಕು ಮನಸ್ಸು: ಹೇಳಿಕೊಳ್ಳಲು ನಾಚಿಕೆ ಬೇಡ. ಶುರುವಿಗೆ ಫ್ಯಾಮಿಲಿ ಡಾಕ್ಟರೇ ಸಾಕು. ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, 2 ಬೇರೆ ಬೇರೆ ದಿನ ರಕ್ತಪರೀಕ್ಷೆ ಆಗಬೇಕು. ಸಂಜೆ ಕೊಟ್ಟ ಒಂದೇ ಸ್ಯಾಂಪಲ್ ನಂಬಬೇಡಿ.

ಎರಡೂ ಸಲ ಕಡಿಮೆ ಬಂತೇ? ಹಾಗಾದರೆ ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು. ತೊಂದರೆ ವೃಷಣದ್ದೋ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯದ್ದೋ ಎಂದು ಎಲ್‌ಎಚ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್‌ಗಳನ್ನು ನೋಡಿ ತಿಳಿಯುವವರು ಅವರು. ಆದರೆ ಮುಂದೆ ಮಕ್ಕಳು ಬೇಕೆನ್ನುವವರಿಗೆ ಆಂಡ್ರಾಲಜಿಸ್ಟೇ (ಗಂಡಸರ ಸಂತಾನಶಕ್ತಿಯ ತಜ್ಞರು) ಮೇಲು ಅಂತೀನಿ. ಹೊರಗಿನಿಂದ ಕೊಡುವ ಟೆಸ್ಟೋಸ್ಟೆರಾನ್ ವೀರ್ಯಾಣು ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಜೆಲ್ ಆದರೂ ಅಷ್ಟೇ, ಇಂಜೆಕ್ಷನ್ ಆದರೂ ಅಷ್ಟೇ. ಚಿಕಿತ್ಸೆ ಶುರುವಾಗುವ ಮೊದಲೇ ಇದನ್ನು ಕೇಳಿ.

ಜಿಮ್‌ನಲ್ಲಿ ಸಿಗುವ ಇಂಜೆಕ್ಷನ್ ಖಂಡಿತ ಬೇಡ. ಅದರಿಂದ ರಕ್ತ ದಪ್ಪಗಾಗುತ್ತಿದೆಯೇ ಎಂದು ಅಲ್ಲಿ ನೋಡುವವರಿಲ್ಲ.

ಮನಸ್ಸು ತೀರಾ ಕುಸಿದಿದ್ದರೆ ರಿಪೋರ್ಟ್‌ಗೆ ಕಾಯದೆ ಮನೋವೈದ್ಯರನ್ನು ಇವತ್ತೇ ಕಾಣಿ.